ಗೋಡೆಯ ಮೇಲಿನ ದರಪಟ್ಟಿ

ಪರಿಚಯದ ಪ್ರಕಾಶಕರೊಬ್ಬರ ಪಡಸಾಲೆಯಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಮೊನ್ನೆ ಹೋದಾಗ ಅವರು ಇನ್ನೂ ಅಚ್ಚಿಗೇ ಹೋಗದ ಕಾದಂಬರಿಯೊಂದನ್ನು ತೂಗುತ್ತ ಕೂತಿದ್ದರು. ತಕ್ಕಡಿಯ ಮೇಲೆ ಖಾಲಿ ಹಾಳೆಗಳ ಕಟ್ಟು, ಪಕ್ಕದಲ್ಲಿ ಪೆನ್ಸಿಲ್ಲು. ಡೆಮಿ ಆಕಾರ, 70 ಜಿಎಸ್‌ಎಂ ಕಾಗದ ಅಂದರೆ ಹದಿನಾರು ಪುಟದ ಒಂದು ಫಾರಂ ಸುಮಾರು 17 ಗ್ರಾಂ ತೂಗುತ್ತದೆ. ಕಾದಂಬರಿ 400 ಪುಟ. 25 ಫಾರಂ, 425 ಗ್ರಾಂ. ರಕ್ಷಾಪುಟಕ್ಕೆ 20. ನೀರು ಬೀಳದಂತೆ ಸುತ್ತುವ ಪ್ಲಾಸ್ಟಿಕ್, ಮೂಲೆ ಮಡಚದಂತೆ ರಟ್ಟು, ಟೇಪು, ವಿಳಾಸದ ಚೀಟಿ ಎಲ್ಲ ಸೇರಿ 60. ಒಟ್ಟು 505 ಗ್ರಾಂ.

"ಐದು ಗ್ರಾಂ ನೋಡಿ ಸ್ವಾಮಿ, ಐದೇ ಗ್ರಾಂ" ಎಂದರು. ಮಗಳ ಮದುವೆಗೆ ಐದು ಸಾವಿರ ಕಡಿಮೆ ಬಿದ್ದವರ ದನಿ ಅದು.

ಕೊರಿಯರ್‌ನವರು ತೂಕವನ್ನು ಗ್ರಾಂ ಲೆಕ್ಕದಲ್ಲಿ ನೋಡುವುದಿಲ್ಲ, ಅರ್ಧ ಕಿಲೋದ ಮೆಟ್ಟಿಲಿನಲ್ಲಿ ನೋಡುತ್ತಾರೆ. 500 ಗ್ರಾಂ ದಾಟಿತೋ, ಅದು ಒಂದು ಕಿಲೋ. ಐದು ಗ್ರಾಂ ಹೆಚ್ಚಾದರೂ ಅಷ್ಟೇ, ಐನೂರು ಗ್ರಾಂ ಹೆಚ್ಚಾದರೂ ಅಷ್ಟೇ. ಅದಕ್ಕೇ ಅವರ ಮುಂದೆ ಇದ್ದ ದಾರಿ ಎರಡು: ರಟ್ಟು ತೆಳ್ಳಗೆ ಮಾಡಿ ಪುಸ್ತಕದ ಮೂಲೆ ಜಜ್ಜಿಹೋಗಲು ಬಿಡುವುದು, ಇಲ್ಲವೇ ಒಂದು ಫಾರಂ ಕಡಿಮೆ ಮಾಡಿಕೊಡಿ ಎಂದು ಕಾದಂಬರಿಕಾರರ ಕಾಲು ಹಿಡಿಯುವುದು. ಕನ್ನಡ ಸಾಹಿತ್ಯದ ಗಾತ್ರವನ್ನು ವಿಮರ್ಶಕರು ನಿರ್ಧರಿಸುತ್ತಾರೆ ಎಂದುಕೊಂಡಿದ್ದ ನನಗೆ ಅದು ಹೊಸ ವಿಷಯ.

ಮನೆಯಿಂದಲೇ ಪುಸ್ತಕ, ಉಪ್ಪಿನಕಾಯಿ, ಆಟಿಕೆ, ಸೀರೆ ಮಾರುವ ಯಾರನ್ನೇ ಕೇಳಿ. ಸರಕು ತಯಾರಿಸುವುದು ಕಷ್ಟವಲ್ಲ, ಗಿರಾಕಿ ಸಿಗುವುದೂ ಈಗ ಅಷ್ಟು ಕಷ್ಟವಲ್ಲ, ಮುಟ್ಟಿಸುವುದೇ ಕಷ್ಟ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ರಾಜ್ಯದೊಳಗೆ ಅರ್ಧ ಕಿಲೋಗೆ 60 ರೂಪಾಯಿಯ ಕೊರಿಯರ್ ದರ ಸಿಕ್ಕಿತು ಎನ್ನಿ. ಅದರ ಮೇಲೆ ಶೇ. 18 ಜಿಎಸ್‌ಟಿ, 10 ರೂಪಾಯಿ 80 ಪೈಸೆ. ಪ್ಯಾಕಿಂಗ್ ಸಾಮಾನಿಗೆ ಎಂಟೊಂಬತ್ತು. ಹತ್ತಿರ ಹತ್ತಿರ 80 ಆಯಿತು. 400 ರೂಪಾಯಿಯ ಕಾದಂಬರಿಗೆ ಇದು ಐದರಲ್ಲೊಂದು ಪಾಲು. 150 ರೂಪಾಯಿಯ ಕವನ ಸಂಕಲನಕ್ಕೆ ಅರ್ಧಕ್ಕೂ ಹೆಚ್ಚು. ತೆಳ್ಳನೆಯ ಪುಸ್ತಕಕ್ಕೇ ಹೊರೆ ಭಾರ. ಕವಿಗಳಿಗೆ ಮೊದಲೇ ಇದ್ದ ಕಷ್ಟಗಳ ಸಾಲಿಗೆ ಇದೂ ಒಂದು.

ಈ ಜಿಎಸ್‌ಟಿಯಲ್ಲಿ ಹೊರಗಿನವರಿಗೆ ಕಾಣದ ಒಂದು ಗಂಟು ಇದೆ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಇದು ಒಳ್ಳೆಯದೇ. ಆದರೆ ತೆರಿಗೆ ಇಲ್ಲದ ಸರಕು ಮಾರುವವರಿಗೆ ತಾವು ಕೊಟ್ಟ ತೆರಿಗೆಯನ್ನು ಹೊಂದಿಸಿಕೊಳ್ಳುವ ಸೌಲಭ್ಯವೂ ಇಲ್ಲ. ಮೊಬೈಲ್ ಮಾರುವವರು ಕೊರಿಯರ್‌ಗೆ ತೆತ್ತ ಜಿಎಸ್‌ಟಿಯನ್ನು ತಾವು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾರೆ. ಪುಸ್ತಕದವರಿಗೆ ಆ 10 ರೂಪಾಯಿ 80 ಪೈಸೆ ಹೋದದ್ದು ಹೋಯಿತು.

ಇನ್ನೊಂದು ಹೋಲಿಕೆ. ಪುಸ್ತಕದಂಗಡಿಗೆ ಕೊಟ್ಟರೆ ಅವರು ಮುಖಬೆಲೆಯ ಮೇಲೆ ಶೇ. 30ರಿಂದ 40 ಕಮಿಷನ್ ಹಿಡಿಯುತ್ತಾರೆ, ಆ ಮಧ್ಯವರ್ತಿಯೇ ಬೇಡ, ಓದುಗರಿಗೆ ನೇರ ತಲುಪಿಸುತ್ತೇವೆ ಎಂದು ಉತ್ಸಾಹದಿಂದ ಹೊರಟವರು ಬಹಳ ಮಂದಿ. ವರ್ಷ ಕಳೆದು ಲೆಕ್ಕ ತೆಗೆದರೆ 200 ರೂಪಾಯಿಯ ಪುಸ್ತಕದ ಮೇಲೆ 80 ರೂಪಾಯಿ ಸಾಗಣೆಗೆ ಹೋಗಿದೆ. ಅದೇ ಶೇ. 40. ಅಂಗಡಿಯವನು ಎದ್ದುಹೋದ ಕುರ್ಚಿಯಲ್ಲಿ ಕೊರಿಯರ್‌ನವನು ಬಂದು ಕೂತಿದ್ದಾನೆ. ಅಂಗಡಿಯವನಾದರೋ ಪುಸ್ತಕವನ್ನು ಕಪಾಟಿನಲ್ಲಿಟ್ಟು ಹತ್ತು ಜನರ ಕಣ್ಣಿಗೆ ಬೀಳಿಸುತ್ತಿದ್ದ.

ಕನ್ನಡದಲ್ಲಿ ಸಾಗಣೆ ವೆಚ್ಚದ ಮೊದಲ ಪಾಠ ಹೇಳಿಕೊಟ್ಟವರು ಕಾದಂಬರಿಕಾರ ಗಳಗನಾಥರು. ತಲೆಯ ಮೇಲೆ ಪುಸ್ತಕದ ಹೊರೆ ಹೊತ್ತು ಊರೂರು ಸುತ್ತಿ ಮಾರಿದರು. ಅವರ ಮಟ್ಟಿಗೆ ಸಾಗಣೆ ವೆಚ್ಚ ಅಂದರೆ ಕತ್ತುನೋವು. ಅಲ್ಲಿಂದ ಕನ್ನಡ ಪುಸ್ತಕವನ್ನು ಓದುಗರ ಮನೆಬಾಗಿಲಿಗೆ ತಂದಿಟ್ಟದ್ದು ಅಂಚೆ. 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನಂಬಿ ನಡೆದ ಸಂಸ್ಥೆ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೂತು ಅಕ್ಷರ ಪ್ರಕಾಶನ ಪುಸ್ತಕಗಳನ್ನು ನಾಡಿಗೆಲ್ಲ ಕಳಿಸಲು ಸಾಧ್ಯವಾದದ್ದೂ ಅಂಚೆ ಇದ್ದುದರಿಂದ. ಓದುಗರ ಕಡೆಯಿಂದ ನೋಡಿದರೆ ವಿ.ಪಿ.ಪಿ. ಒಂದು ಕಾರ್ಡು ಬರೆದು ಹಾಕಿದರೆ ಪೋಸ್ಟ್‌ಮ್ಯಾನ್ ಕಟ್ಟು ತಂದು, ದುಡ್ಡು ಎಣಿಸಿಕೊಂಡು, ಪುಸ್ತಕ ಕೊಟ್ಟು ಹೋಗುತ್ತಿದ್ದ. ಈಗ ಕ್ಯಾಶ್ ಆನ್ ಡೆಲಿವರಿ ಎಂದು ಕರೆಯುವುದು ಇದನ್ನೇ. ಭಾರತದ ಅಂಚೆಯಲ್ಲಿ ಇದು ಬಂದದ್ದು 1877ರಲ್ಲಿ.

ಈ ವ್ಯವಸ್ಥೆಯ ಜೀವಾಳ ಯಾವುದು ಎಂದರೆ ಅಂಚೆ ಕಚೇರಿಯ ಗೋಡೆಗೆ ತೂಗುಹಾಕಿದ ದರಪಟ್ಟಿ. 1854ರಲ್ಲಿ ದೇಶಕ್ಕೆಲ್ಲ ಒಂದೇ ದರ ಬಂದಾಗ ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆ, ದೂರ ಎಷ್ಟೇ ಇರಲಿ. ಕಳಿಸುವವರು ಯಾರೇ ಇರಲಿ. ಪುಸ್ತಕದ ದರಕ್ಕೂ ಮುಂದೆ ಇದೇ ನಿಯಮ. ವರ್ಷಕ್ಕೆ ಹತ್ತು ಕಟ್ಟು ಕಳಿಸುವ ಹಳ್ಳಿಯವರಿಗೂ ಹತ್ತು ಸಾವಿರ ಕಟ್ಟು ಕಳಿಸುವ ದೆಹಲಿಯವರಿಗೂ ಒಂದೇ ಅಂಕಿ. ಕಿಟಕಿಯ ಆಚೆ ಕೂತವರು "ನಿಮ್ಮದು ತಿಂಗಳಿಗೆ ಎಷ್ಟು ಕಟ್ಟು?" ಎಂದು ಕೇಳುತ್ತಿರಲಿಲ್ಲ. ಕೊರಿಯರ್ ಕಂಪನಿಯವರು ಕೇಳುವ ಮೊದಲ ಪ್ರಶ್ನೆಯೇ ಅದು. ತಿಂಗಳಿಗೆ ನಲವತ್ತು ಎಂದಿರೋ ಒಂದು ದರ, ನಾಲ್ಕು ಲಕ್ಷ ಎಂದಿರೋ ಬಾಗಿಲು ಮುಚ್ಚಿ ಮಾತಾಡುವ ಇನ್ನೊಂದು ದರ. ಆ ಎರಡನೆಯ ದರ ಎಷ್ಟೆಂದು ಮೊದಲನೆಯವರಿಗೆ ಯಾವತ್ತೂ ಗೊತ್ತಾಗುವುದಿಲ್ಲ.

ಸಣ್ಣವರಿಗೂ ದೊಡ್ಡವರಿಗೂ ಇರುವ ಅಂತರ ಅಲ್ಲಿಂದ ಶುರುವಾಗುತ್ತದೆ, ಜಾಣ್ಮೆಯಿಂದಲ್ಲ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ಮಾರುತ್ತಿದ್ದದ್ದು ಪುಸ್ತಕವನ್ನೇ. ಆಗ ಅವರೂ ಕೊರಿಯರ್ ನೆಚ್ಚಿದವರೇ. 2009ರಲ್ಲಿ ಇಕಾರ್ಟ್ ಎಂಬ ತಮ್ಮದೇ ಸಾಗಣೆ ಕಟ್ಟಿಕೊಂಡರು, ಮರುವರ್ಷ ಕ್ಯಾಶ್ ಆನ್ ಡೆಲಿವರಿ ತಂದರು. ಅಮೆಜಾನ್ 2013ರಲ್ಲಿ ಇಲ್ಲಿ ಅಂಗಡಿ ತೆರೆದಾಗಲೂ ಮೊದಲಿಗೆ ಇಟ್ಟದ್ದು ಪುಸ್ತಕ ಮತ್ತು ಸಿನಿಮಾ. ಪುಸ್ತಕ ಕೆಡುವುದಿಲ್ಲ, ಅಳತೆ ತಪ್ಪುವುದಿಲ್ಲ, ಒಡೆಯುವುದಿಲ್ಲ. ಪುಸ್ತಕದ ಮೇಲೆ ಕೈ ಪಳಗಿಸಿಕೊಂಡು ಆಮೇಲೆ ಟಿವಿ, ಫ್ರಿಜ್ಜಿಗೆ ಹೋದರು.

ದೊಡ್ಡವರಿಗೆ ಸಾಗಣೆ ಅಗ್ಗವಾಗಲು ಕಾರಣ ಹೆದ್ದಾರಿಯಲ್ಲಿಲ್ಲ, ಗಲ್ಲಿಯಲ್ಲಿದೆ. ಲಾರಿಯಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಒಂದು ಪುಸ್ತಕ ಬರುವ ಖರ್ಚು ತೀರಾ ಕಡಿಮೆ, ಸಾವಿರ ಕಟ್ಟುಗಳ ನಡುವೆ ಅದೂ ಒಂದು. ದುಬಾರಿಯಾಗುವುದು ಕೊನೆಯ ಎರಡು ಮೈಲಿ. ಡೆಲಿವರಿ ಹುಡುಗ ಬೈಕು ನಿಲ್ಲಿಸಿ, ಮನೆ ಹುಡುಕಿ, ಲಿಫ್ಟು ಕಾದು, ಗಂಟೆ ಒತ್ತಿ, ಓಟಿಪಿ ಕೇಳಿ ಕೆಳಗಿಳಿಯುವ ಹೊತ್ತು. ಜಯನಗರದ ಒಂದೇ ರಸ್ತೆಯಲ್ಲಿ ಅವನ ಚೀಲದಿಂದ ಇಪ್ಪತ್ತು ಕಟ್ಟು ಇಳಿದರೆ ಒಂದೊಂದರ ಪಾಲಿಗೆ ಬರುವ ಖರ್ಚು ಅತ್ಯಲ್ಪ. ಇಪ್ಪತ್ತು ರಸ್ತೆಗೆ ಇಪ್ಪತ್ತು ಕಟ್ಟಾದರೆ ಸಂಜೆಗೆ ಪೆಟ್ರೋಲು ಮುಗಿದಿರುತ್ತದೆ. ಸಾಲದ್ದಕ್ಕೆ ದೊಡ್ಡವರು ಸರಕನ್ನು ಗಿರಾಕಿ ಕೇಳುವ ಮೊದಲೇ ಅವನ ಊರ ಹತ್ತಿರ ತಂದಿಟ್ಟಿರುತ್ತಾರೆ. ಹೊಸಕೋಟೆ, ಮಾಲೂರು, ನೆಲಮಂಗಲದ ಸುತ್ತ ಎದ್ದಿರುವ ತಗಡಿನ ಗೋದಾಮುಗಳನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ನಮ್ಮ ಪ್ರಕಾಶಕರ ಗೋದಾಮು ಮಂಚದ ಕೆಳಗಿದೆ.

ಹಾಗಿದ್ದೂ ದೊಡ್ಡವರಿಗೂ ಸಾಗಣೆ ಬಿಟ್ಟಿಯೇನಲ್ಲ. ಅಮೆಜಾನ್ 2023ರಲ್ಲಿ ಜಗತ್ತಿನಾದ್ಯಂತ ಸಾಗಣೆಗೆ ಸುರಿದದ್ದು 8,950 ಕೋಟಿ ಡಾಲರ್. ಅದೇ ವರ್ಷ ಅದಕ್ಕೆ ಜಾಹೀರಾತಿನಿಂದ ಬಂದದ್ದು 4,690 ಕೋಟಿ ಡಾಲರ್. ಆ ಜಾಹೀರಾತು ಕೊಡುವವರಲ್ಲಿ ಬಹುಪಾಲು ಅಲ್ಲೇ ಸರಕು ಮಾರುವವರು, ತಮ್ಮ ಸರಕು ಮೊದಲ ಪುಟದಲ್ಲಿ ಕಾಣಲಿ ಎಂದು ದುಡ್ಡು ಕಟ್ಟುವವರು. ಗಿರಾಕಿಯ ಮನೆಗೆ "ಉಚಿತ"ವಾಗಿ ಬಂದ ಪೆಟ್ಟಿಗೆಯ ಬಾಡಿಗೆಯಲ್ಲಿ ಒಂದು ಪಾಲನ್ನು ಯಾರೋ ಮಾರಾಟಗಾರ ಇನ್ನೊಂದು ಹೆಸರಿನಲ್ಲಿ ತೆತ್ತಿರುತ್ತಾನೆ. ಸಣ್ಣವರಿಗೆ ಇಂಥ ಇನ್ನೊಂದು ಜೇಬು ಇಲ್ಲ. ಅವರು "ಉಚಿತ ಡೆಲಿವರಿ" ಎಂದು ಬರೆದರೆ ಅದು ಅವರ ಲಾಭದಿಂದಲೇ ಹೋಗಬೇಕು. "ಅಂಚೆ ವೆಚ್ಚ ಪ್ರತ್ಯೇಕ" ಎಂದು ಪ್ರಾಮಾಣಿಕವಾಗಿ ಬರೆದರೆ ಗಿರಾಕಿ ದುಡ್ಡು ಕಟ್ಟುವ ಪುಟದವರೆಗೆ ಬಂದು ವಾಪಸ್ ಹೋಗುತ್ತಾನೆ.

ಚನ್ನಪಟ್ಟಣದ ಕಥೆ ಇನ್ನೂ ವಿಚಿತ್ರ. ಅಲ್ಲಿ ಆಟಿಕೆಗೆ ಬಳಸುವುದು ಆಲೆ ಮರ. ಹಗುರ, ಕಡೆಯಲು ಮೃದು, ಅರಗಿನ ಬಣ್ಣ ಚೆನ್ನಾಗಿ ಕೂರುತ್ತದೆ. ಆದರೆ ಕೊರಿಯರ್ ಲೋಕದಲ್ಲಿ ಹಗುರ ಅನ್ನುವುದೊಂದು ಅಪರಾಧ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದ ಅಂಕಿ ಕಿಲೋ ಲೆಕ್ಕದಲ್ಲಿ ಪೆಟ್ಟಿಗೆಯ ತೂಕ. ತಕ್ಕಡಿಯ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. 30, 25, 20 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ 900 ಗ್ರಾಂ ತೂಗುವ ಮರದ ರೈಲು ಇಟ್ಟರೆ ಅದು ಮೂರು ಕಿಲೋ. ಲಾರಿಯಲ್ಲಿ ಜಾಗ ತಿನ್ನುವುದು ನಿಜ, ಆದ್ದರಿಂದ ಈ ಲೆಕ್ಕ ಅನ್ಯಾಯ ಅನ್ನಲಾರೆ. ಆದರೆ ದೊಡ್ಡ ಕಂಪನಿಯಲ್ಲಿ ಪ್ರತಿ ಸರಕಿಗೂ ಅಳತೆಗೆ ತಕ್ಕ ಪೆಟ್ಟಿಗೆ ಹೊಂದಿಸಲು ಯಂತ್ರ ಇರುತ್ತದೆ. ಚನ್ನಪಟ್ಟಣದವರ ಬಳಿ ಇರುವುದು ಪಕ್ಕದ ಕಿರಾಣಿ ಅಂಗಡಿಯಿಂದ ತಂದ ಬಿಸ್ಕತ್ತಿನ ಪೆಟ್ಟಿಗೆ. ಉಳಿದ ಜಾಗಕ್ಕೆ ಹಳೆಯ ಪೇಪರು ತುರುಕಿ ಗಾಳಿಗೂ ಬಾಡಿಗೆ ಕಟ್ಟುತ್ತಾರೆ. ದಾವಣಗೆರೆಯ ಮಂಡಕ್ಕಿಯನ್ನು ಕೊರಿಯರ್‌ನಲ್ಲಿ ಕಳಿಸುವ ಧೈರ್ಯ ಯಾರೂ ಮಾಡದಿರುವುದು ಇದಕ್ಕೇ ಇರಬೇಕು.

ವಾಪಸ್ ಬರುವ ಕಟ್ಟಿನದು ಬೇರೆಯೇ ಗೋಳು. ನಮಗೆಲ್ಲ ಆರ್‌ಟಿಓ ಎಂದರೆ ಗಾಡಿ ನೋಂದಣಿ ಕಚೇರಿ. ಆನ್‌ಲೈನ್ ವ್ಯಾಪಾರಿಗಳ ಬಾಯಲ್ಲಿ ಅದು ಗಿರಾಕಿ ತೆಗೆದುಕೊಳ್ಳದೆ ಮರಳಿದ ಕಟ್ಟು. ಮನೆಯಲ್ಲಿ ಯಾರೂ ಇರಲಿಲ್ಲ, ಮನಸ್ಸು ಬದಲಾಯಿತು, ಮಗ ಕೇಳದೆ ಒತ್ತಿಬಿಟ್ಟಿದ್ದ. ಕಾರಣ ಏನೇ ಇರಲಿ, ಹೋದ ಖರ್ಚೂ ವ್ಯಾಪಾರಿಯದು, ಬಂದ ಖರ್ಚೂ ಅವನದೇ. ಹತ್ತು ಕಟ್ಟಿನಲ್ಲಿ ಎರಡು ಮರಳಿದರೆ ಉಳಿದ ಎಂಟರ ಲಾಭ ಅವೆರಡರ ಹಿಂದೆ ಹೋಗುತ್ತದೆ. ಈಗ ಸಣ್ಣ ಪ್ರಕಾಶಕರು ಮೊದಲು ಫೋನ್‌ಪೇ, ಆಮೇಲೆ ಪುಸ್ತಕ ಎನ್ನುವುದು ಅದಕ್ಕೇ. ಅವರನ್ನು ಅನುಮಾನದ ಪ್ರಾಣಿಗಳೆಂದು ಬೈಯಬೇಡಿ.

ಇಷ್ಟರ ನಡುವೆ ಪುಸ್ತಕದವರಿಗೆ ಒಂದು ಆಸರೆ ಉಳಿದಿತ್ತು, ರಿಜಿಸ್ಟರ್ಡ್ ಬುಕ್ ಪೋಸ್ಟ್. ಐದು ಕಿಲೋ ಪುಸ್ತಕಕ್ಕೆ 80 ರೂಪಾಯಿ. ದೇಶದ ಯಾವ ಮೂಲೆಗಾದರೂ. ಕೊರಿಯರ್ ಹುಡುಗ ಕಾಲಿಡದ ಊರಿಗೂ ಹೋಗುತ್ತಿತ್ತು. 2024ರ ಡಿಸೆಂಬರ್ 18ರಂದು ಅದನ್ನು ನಿಲ್ಲಿಸಿದರು. ಬೆಳಗ್ಗೆ ಕಟ್ಟು ಹೊತ್ತು ಹೋದವರಿಗೆ ಕಂಪ್ಯೂಟರಿನಲ್ಲಿ ಆ ಆಯ್ಕೆಯೇ ಕಾಣಲಿಲ್ಲ. ಪಾರ್ಸೆಲ್ ಎಂದು ಕಳಿಸಿದರೆ ಎರಡು ಪಟ್ಟಿಗೂ ಮೀರಿ ದರ. ದೇಶದ ನಾನಾ ಭಾಷೆಗಳ ಸಣ್ಣ ಪ್ರಕಾಶಕರು ಆಗ ಕೂಗು ಹಾಕಿದರು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಹೊಸ ಸೇವೆ ಬಂತು. 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ಕಟ್ಟು ಎಲ್ಲಿದೆ ಎಂದು ಫೋನಿನಲ್ಲಿ ನೋಡಬಹುದು. ಹೋಗುವುದು ನೆಲದ ಮೇಲೆ, ನಿಧಾನವಾಗಿ.

ಇದನ್ನು ಹೊಗಳಲು ನನಗೆ ಸಂಕೋಚವಿಲ್ಲ. ಈಗಿನ ಕಾಲದಲ್ಲಿ ಇಷ್ಟು ಅಗ್ಗದ ದರವನ್ನು ಗೋಡೆಗೆ ತೂಗುಹಾಕುವುದು ಸಣ್ಣ ಮಾತಲ್ಲ. ಆದರೆ ಅದರ ಬಾಗಿಲು ಕಿರಿದು. ಪಠ್ಯಪುಸ್ತಕಕ್ಕೆ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಕ್ಕೆ ಉಂಟು. ನಿಯತಕಾಲಿಕಗಳಿಗೆ ಇಲ್ಲ, ವಾಣಿಜ್ಯ ಪ್ರಕಟಣೆಗಳಿಗೆ ಇಲ್ಲ. ಪತ್ತೇದಾರಿ ಕಾದಂಬರಿ ಸಂಸ್ಕೃತಿಯೋ ವಾಣಿಜ್ಯವೋ? ಅಡುಗೆ ಪುಸ್ತಕ? ಹೋಳಿಗೆ ಮಾಡುವುದನ್ನು ಸಂಸ್ಕೃತಿಯಲ್ಲ ಎನ್ನುವವರು ಕನ್ನಡಿಗರೇ ಅಲ್ಲ, ಆದರೂ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತು ಅದನ್ನು ವಾದಿಸುವ ಹುಮ್ಮಸ್ಸು ಎಲ್ಲರಿಗೂ ಇರುವುದಿಲ್ಲ. ಸಾಲದ್ದಕ್ಕೆ ಗಿರಾಕಿಯ ಅಭ್ಯಾಸ ಕೆಟ್ಟಿದೆ. ಇವತ್ತು ಕೇಳಿದ್ದು ನಾಳೆ ಬರಬೇಕು. ಹತ್ತು ವರ್ಷ ಕಪಾಟಿನಲ್ಲಿ ಓದದೆ ಇಡುವ ಪುಸ್ತಕವೂ ನಾಳೆಯೇ ಬರಬೇಕು. ಅದಕ್ಕೇ ನಮ್ಮ ಪ್ರಕಾಶಕರು ಜ್ಞಾನ ಪೋಸ್ಟ್ ಇದ್ದೂ ಕೊರಿಯರ್‌ನ ಐದು ಗ್ರಾಂ ಹಿಂದೆ ಬಿದ್ದಿದ್ದದ್ದು.

ಅಂಚೆಯ ದರ ಅಗ್ಗವಾದರೆ ಸಣ್ಣವರು ಉಳಿಯುತ್ತಾರೆ ಎಂದು ಸಲೀಸಾಗಿ ಹೇಳಿಬಿಡುವ ಹಾಗೂ ಇಲ್ಲ. ಅಮೆರಿಕದಲ್ಲಿ 1913ರ ಜನವರಿ 1ರಂದು ಸರ್ಕಾರಿ ಪಾರ್ಸೆಲ್ ಅಂಚೆ ಶುರುವಾಯಿತು. ಅದಕ್ಕೂ ಮೊದಲು ಖಾಸಗಿ ಎಕ್ಸ್‌ಪ್ರೆಸ್ ಕಂಪನಿಗಳು ಕೇಳಿದಷ್ಟು ಕೊಡಬೇಕಿತ್ತು. ರೈತರು ಪಾರ್ಸೆಲ್ ಅಂಚೆ ಬೇಕೆಂದರು. ಬೇಡ ಎಂದು ಪಟ್ಟು ಹಿಡಿದವರಲ್ಲಿ ಹಳ್ಳಿಯ ಅಂಗಡಿಯವರೂ ಇದ್ದರು. ಅವರ ಭಯ ಸುಳ್ಳಾಗಲಿಲ್ಲ. ಶಿಕಾಗೋದ ಸಿಯರ್ಸ್, ಮಾಂಟ್‌ಗೊಮರಿ ವಾರ್ಡ್‌ನಂಥ ಕ್ಯಾಟಲಾಗ್ ವ್ಯಾಪಾರಿಗಳು ಆ ಅಗ್ಗದ ಅಂಚೆಯ ಬೆನ್ನೇರಿ ಇನ್ನೂ ಬೆಳೆದರು. ಗೋಡೆಯ ಮೇಲಿನ ದರ ಎಲ್ಲರಿಗೂ ಒಂದೇ ಅಂದಮೇಲೆ ದೊಡ್ಡವರಿಗೂ ಅದೇ ತಾನೆ. ಆದರೂ ನನ್ನ ಮತ ಗೋಡೆಯ ದರಕ್ಕೇ. ಅಲ್ಲಿ ದೊಡ್ಡವನು ಗೆದ್ದರೆ ಸರಕಿನಿಂದ, ಬೆಲೆಯಿಂದ ಗೆಲ್ಲಬೇಕು. ಮುಚ್ಚಿದ ಕೋಣೆಯ ದರದಲ್ಲಿ ಆಟ ಶುರುವಾಗುವ ಮೊದಲೇ ಅವನು ಎಷ್ಟೋ ರೂಪಾಯಿ ಮುಂದಿರುತ್ತಾನೆ.

ಗೋಡೆಯ ದರ ಎಲ್ಲ ಸರಕಿಗೂ ಬರುವವರೆಗೆ ಇರಲಿ ಎಂದು ಸಣ್ಣವರು ತಮ್ಮದೇ ಉಪಾಯ ಮಾಡಿಕೊಂಡಿದ್ದಾರೆ. ಬಿಡಿ ಪುಸ್ತಕ ಕಳಿಸದೆ ಮೂರು ಪುಸ್ತಕದ ಕಟ್ಟು ಮಾರುವುದು ಒಂದು. ಅಚ್ಚಾಗುವ ಮೊದಲೇ ದುಡ್ಡು ತೆಗೆದುಕೊಂಡು ಎಲ್ಲರಿಗೂ ಒಂದೇ ದಿನ ಕಳಿಸುವುದು ಇನ್ನೊಂದು. ಹಳೆಯ ಚಂದಾದಾರ ಪದ್ಧತಿಯೇ ಪ್ರೀ-ಬುಕಿಂಗ್ ಎಂಬ ಹೆಸರಿನಲ್ಲಿ ಮರಳಿದೆ. ಅಂಗಡಿಗಳಿಗೆ ಕಳಿಸುವ ದೊಡ್ಡ ಗಂಟು ಇವತ್ತಿಗೂ ಲಾರಿ ಪಾರ್ಸೆಲ್‌ನಲ್ಲೇ ಹೋಗುತ್ತದೆ. 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುವಾದ ವಿಆರ್‌ಎಲ್ ಬೆಳೆದದ್ದು ಇಂಥ ಗಂಟುಗಳಿಂದಲೇ. ಮಲೆನಾಡಿನಿಂದ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುವವರು ಬಸ್ಸನ್ನು ನಂಬುತ್ತಾರೆ. ಕೆಎಸ್‌ಆರ್‌ಟಿಸಿ 2021ರಲ್ಲಿ ನಮ್ಮ ಕಾರ್ಗೋ ಎಂದು ಹೆಸರಿಟ್ಟು ಇದನ್ನು ಕ್ರಮಬದ್ಧ ಮಾಡಿತು. ಹೇಗೂ ಓಡುವ ಬಸ್ಸಿನ ಖಾಲಿ ಹೊಟ್ಟೆಯಲ್ಲಿ ಸರಕು ಹೋಗುತ್ತದೆ. ಗಿರಾಕಿ ಬಸ್‌ಸ್ಟ್ಯಾಂಡಿಗೆ ಬಂದು ಒಯ್ಯಬೇಕು, ಅಷ್ಟೇ ತಕರಾರು. ಆದರೆ ಅತಿ ದುಬಾರಿಯಾದ ಆ ಕೊನೆಯ ಎರಡು ಮೈಲಿಯನ್ನು ಗಿರಾಕಿಯೇ ನಡೆದರೆ ಸಾಗಣೆ ಎಷ್ಟು ಅಗ್ಗವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅಂಚೆ ಕಚೇರಿಯಲ್ಲೋ, ಹಾಲಿನ ಬೂತಿನಲ್ಲೋ ಕಟ್ಟು ಇಟ್ಟು ಹೋಗುವ, ಗಿರಾಕಿ ಸಂಜೆ ವಾಕಿಂಗ್ ಬಂದಾಗ ಎತ್ತಿಕೊಳ್ಳುವ ವ್ಯವಸ್ಥೆಯನ್ನು ನಮ್ಮ ಊರುಗಳಲ್ಲಿ ಯಾಕೆ ಮಾಡಬಾರದು ಎಂದು ನನಗೆ ಅರ್ಥವಾಗಿಲ್ಲ.

ಹೊರದೇಶದ ಕನ್ನಡಿಗರಿಗೆ ಕಳಿಸುವ ಮಾತು ಎತ್ತದಿರುವುದೇ ವಾಸಿ. ಅಮೆರಿಕದ ಹೊಸ ಸುಂಕದ ನಿಯಮದಿಂದ 2025ರ ಆಗಸ್ಟ್ 25ರಿಂದ ಅಕ್ಟೋಬರ್ ಮಧ್ಯದವರೆಗೆ ನಮ್ಮ ಅಂಚೆ ಅಲ್ಲಿಗೆ ಸರಕು ಒಯ್ಯುವುದನ್ನೇ ನಿಲ್ಲಿಸಿತ್ತು. ಈಗ ಮತ್ತೆ ಹೋಗುತ್ತಿದೆ. ಆದರೂ ಅಲ್ಲಿಂದ ಬಂದವರ ಸೂಟ್‌ಕೇಸಿನಲ್ಲಿ ಹಿಂದಿರುಗುವ ಪುಸ್ತಕವೇ ಹೆಚ್ಚು.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಕನ್ನಡದ ಪುಸ್ತಕವನ್ನೋ ಚನ್ನಪಟ್ಟಣದ ಬುಗುರಿಯನ್ನೋ ತರಿಸುವಾಗ ನೇರ ಅವರಿಗೇ ಫೋನ್ ಮಾಡಿ, ಒಂದರ ಬದಲು ಮೂರು ತರಿಸಿ, ಒಂದು ವಾರ ಕಾಯುತ್ತೇನೆ ಎಂದು ಹೇಳಿ. ಅಂಚೆ ವೆಚ್ಚ ಇಷ್ಟು ಎಂದು ಅವರು ಬಿಡಿಸಿ ಹೇಳಿದರೆ ಮುಖ ಸಿಂಡರಿಸಬೇಡಿ. ಅದನ್ನು ಬೆಲೆಯೊಳಗೆ ಮುಚ್ಚಿಡಲು ಅವರಿಗೂ ಬರುತ್ತದೆ.

ಆ ಕಾದಂಬರಿ ಕೊನೆಗೆ 24 ಫಾರಂಗೆ ಅಚ್ಚಾಯಿತು, ಕಟ್ಟು ಸಮೇತ 488 ಗ್ರಾಂ. ಕಥೆಯ ಒಂದು ಸಾಲೂ ಹೋಗಿಲ್ಲ. ಹೋದದ್ದು ಹದಿನಾರು ಪುಟದ ಮುನ್ನುಡಿ.